ದಾನದಂಗಡಿ ಪಾಲಾದ ಬೂಟು

ಅಕ್ಟೋಬರ್ 6, ಸೋಮವಾರ, ಬೆಳಿಗ್ಗೆ 8.40

ಇವತ್ತೂ ಬಾಗಿಲಲ್ಲಿ ಮೂರು ಚೀಲ. ಬೀದಿಯಲ್ಲಿ ಏಳು ದಾನದಂಗಡಿ—ಜನ ಕೊಟ್ಟ ಹಳೆ ಸಾಮಾನು ಮಾರಿ ಪ್ರಾಣಿಗಳಿಗೆ ದುಡ್ಡು ಕೂಡಿಸುವವು. ಎಂಟನೆಯದು ನನ್ನದೇ ಅಂದುಕೊಂಡಿದ್ದಾರೆ ಜನ. ‘ಬೂಟು ರಿಪೇರಿ’ ಅಂತ ಅಪ್ಪನ ಕಾಲದ ಬೋರ್ಡು—ಓದುವವರಾರು? ಬೆಕ್ಕಿಗೊಂದು, ಕತ್ತೆಗೊಂದು, ಮುಳ್ಳುಹಂದಿಗೊಂದು. ಬೂಟಿಗೆ ಮಾತ್ರ ನಾನೊಬ್ಬ ಬಡಪಾಯಿ ಬಂಧು. ಎಲ್ಲ ಕಡೆ ಅದೇ ಮುಗ್ಗು ವಾಸನೆ, ಅದೇ ಕಿವಿಮುರಿದ ಮಗ್ಗು. ಥೂ.

ಚೀಲ ಬಿಚ್ಚಲಿಲ್ಲ. ಮೇ ತಿಂಗಳಲ್ಲಿ ಬಿಚ್ಚಿ ಯಾರದೋ ಹಲ್ಲುಸೆಟ್ಟು ಕೈಗೆ ಬಂದ ಮೇಲೆ ಬಿಚ್ಚಿದ್ದೇ ಇಲ್ಲ. ಹಾಗೇ ಒಯ್ದು ಎದುರಿನ ಬೆಕ್ಕಿನಂಗಡಿಯ ಮ್ಯಾವಿಸ್ ಮುಂದೆ ಒಗೆದೆ.

“ನಿನ್ನಷ್ಟು ಕೊಡೋರು ಊರಲ್ಲೇ ಇಲ್ಲ ಲೆನ್!”

ಹಲ್ಲು ಕಡಿದು ಬಂದೆ. ಗಿರಾಕಿಗಳಿಗೂ ಬುದ್ಧಿ ಕೆಟ್ಟಿದೆ. ಹೋದ ತಿಂಗಳು ಪಾದ್ರಿ ಪಿಮ್ ಬಂದು ರಿಪೇರಿಗೆ ಕೊಟ್ಟ ತನ್ನ ಕಪ್ಪು ಬೂಟು ಎಲ್ಲಿ ಅಂದ. ಕೊಟ್ಟೇ ಇಲ್ಲ ಅಂತ ಸಾಧಿಸಿ ಕಳಿಸಿದೆ. ಪಾದ್ರಿಗೂ ಮರೆವು.

ಅಕ್ಟೋಬರ್ 8, ಬುಧವಾರ

ಈಡಿತ್ ಕ್ರಾದರ್ ಬಂದಳು. ಶುಕ್ರವಾರ ಅವಳ ಗಂಡ ಹೆರಾಲ್ಡನ ಮಣ್ಣು.

“ಅವರ ಕಂದು ಬೂಟಿಗೆ ಅಟ್ಟೆ ಹಾಕಿದ್ಯೇನೋ? ತೂತು ಬಿದ್ದಿದ್ರಲ್ಲಿ ಕಳ್ಸಲ್ಲ ಅವರನ್ನ. ಮದ್ವೆಗೆ ನಿಮ್ಮಪ್ಪ ಹೊಲಿದುಕೊಟ್ಟಿದ್ದು.”

“ಯಾವಾಗ ಕೊಟ್ರಿ?”

“ಸೋಮವಾರ. ಬಾಗಿಲಲ್ಲಿ ಚೀಲ ಇಟ್ಟು ಹೋದೆ. ಮೂವತ್ತು ವರ್ಷದಿಂದ ಹಾಗೇ ಅಲ್ವಾ?”

“ನಾಳೆ ಸಂಜೆ ರೆಡಿ.” ನನ್ನ ಬಾಯಿ ಹೇಳಿತು.

ಬೆಕ್ಕಿನಂಗಡಿಗೆ ಓಡಿದೆ. “ಕಂದು ಜೋಡೀನಾ? ನಿನ್ನೇನೇ ಹೋಯ್ತಲ್ಲ ಮಾರಾಯ,” ಅಂದಳು ಮ್ಯಾವಿಸ್. “ಯಾರೋ ಉದ್ದನೆಯೋನು.”

ಅಕ್ಟೋಬರ್ 9, ಗುರುವಾರ

ಬೆಳಗಿನಿಂದ ಎಲ್ಲರ ಮುಖ ಬಿಟ್ಟು ಕಾಲೇ ನೋಡುತ್ತಾ ಊರು ಸುತ್ತಿದೆ. ಹನ್ನೆರಡಕ್ಕೆ ಬಂದು ಬಾಗಿಲು ತೆಗೆದೆ. ಒಬ್ಬ ಬಾಗಿ ಒಳಗೆ ಬಂದ. ಉದ್ದ. ಕೌಂಟರಿನ ಮೇಲೆ—ಕಂದು ಬೂಟು!

“ಬೆಕ್ಕಿನಂಗಡೀಲಿ ಸಿಕ್ತು. ಅಟ್ಟೆ ಹಾಕ್ಕೊಡಪ್ಪ. ಊರಲ್ಲಿ ನೀನೊಬ್ನೇ ಅಂತಲ್ಲ.”

ಎಲ್ಲ ಹೇಳಿದೆ. ಬೇಡಿಕೊಂಡೆ.

“ಪಾಪ. ಆದ್ರೆ ನಾನೇನು ಬರಿಗಾಲಲ್ಲಿ ಓಡಾಡ್ಲಾ? ನಿನ್ ಕಾಲಲ್ಲಿರೋದು ಎಷ್ಟು ಸೈಜು?”

ಬಿಚ್ಚಿ ಕೊಟ್ಟೆ. ನನಗಾಗಿ ಹೊಲಿದುಕೊಂಡಿದ್ದ ಒಂದೇ ಜೋಡಿ.

ಸಂಜೆ

ಅಟ್ಟೆ ಹಾಕಿ, ಬೂಟಿನೊಳಗಿನ ಬೆಲೆಚೀಟಿ ಉಗುರಲ್ಲಿ ಕೆರೆದಿದ್ದೆ. ಚೂರು ಉಳಿದಿತ್ತು—ಅಂಗಡಿ ಗುರುತಿನ ಬೆಕ್ಕಿನ ಬಾಲ. ಬೂಟು ಒಯ್ಯಲು ಬಂದ ಈಡಿತ್ ಅದನ್ನೇ ಹೆಬ್ಬೆರಳಲ್ಲಿ ಸವರಿದಳು. ನನ್ನ ಮುಖ ನೋಡಿದಳು.

“ಇರ್ಲಿ ಬಿಡು. ಅವರಿಗೆ ಬೆಕ್ಕು ಅಂದ್ರೆ ಇಷ್ಟ.”

ಅಕ್ಟೋಬರ್ 10, ಶುಕ್ರವಾರ, 10.35

ಹನ್ನೊಂದಕ್ಕೆ ಮಣ್ಣು. ನನಗೆ ಉಳಿದದ್ದು ಮನೆ ಚಪ್ಪಲಿ. ಗಿರಾಕಿಗಳ ಬೂಟು ಮೆಟ್ಟುವ ಚಾಳಿ ನನಗಿಲ್ಲ. ಮೂಗು ಹಿಡಿದು ಬೆಕ್ಕಿನಂಗಡಿಗೆ ಹೋದೆ.

“ಬಾರೋ ರಾಜ! ಕೊಡೋಕಾ, ಕೊಳ್ಳೋಕಾ?”

ಹತ್ತನೇ ಸೈಜಿನ ಕಪ್ಪು ಜೋಡಿ ಒಂದೇ ಇತ್ತು. ಯಾರದೋ ಬೆವರು, ಯಾರದೋ ಹೆಬ್ಬೆರಳ ಗುಳಿ. ಮನೆಗೆ ತಂದು ಕಾಲು ತೂರಿಸಿ ನಿಂತೆ. ಮೈ ಬಲಕ್ಕೆ ವಾಲಿತು. ಬಿಚ್ಚಿ ತಿರುಗಿಸಿದೆ. ಎಡ ಬೂಟಿನ ಹಿಮ್ಮಡಿ ಅರ್ಧ ಇಂಚು ಎತ್ತರ. ಮೊಳೆ ಹೊಡೆದ ಕೈ ನನ್ನದೇ. ಈ ಊರಲ್ಲಿ ಎಡಗಾಲು ಗಿಡ್ಡ ಇರುವುದು ಒಬ್ಬರಿಗೇ—ಪಾದ್ರಿ ಪಿಮ್‌ಗೆ. ಇವತ್ತು ಮಣ್ಣು ಮಾಡಿಸುವವರೂ ಅವರೇ.

ಚರ್ಚಿನ ಗಂಟೆ ಶುರುವಾಯಿತು. ಮನೆ ಚಪ್ಪಲಿಯೇ ಮೆಟ್ಟಿಕೊಂಡೆ. ಬೂಟು ಕಂಕುಳಲ್ಲಿ. ಏನೆನ್ನಲಿ? ಫಾದರ್, ಮರೆವು ನಿಮಗಲ್ಲ, ನಾನೇ ನಿಮ್ಮ ಚೀಲ ಬಿಚ್ಚದೆ ಬೆಕ್ಕಿನಂಗಡಿಗೆ—