ಜರ್ಮನ್ ಪ್ರಮಾಣಪತ್ರದ ತಾರೀಖು

ಪ್ರಣಿತಾ,

ಮೊದಲ ಬಸ್ಸಿಗೆ ನಿಲಂಗಾಕ್ಕೆ ಹೊರಟಿದ್ದೇನೆ. ರೊಟ್ಟಿ ಬುಟ್ಟಿಯಲ್ಲಿವೆ, ಪಲ್ಯ ಬಿಸಿ ಮಾಡಿಕೋ.

ನಿಮ್ಮಪ್ಪ ಉದಗೀರದಲ್ಲಿ ಯಾರಿಂದಲೋ ಮಾಡಿಸಿ ತಂದ ಜರ್ಮನ್ ಭಾಷಾ ಪರೀಕ್ಷೆಯ ಸುಳ್ಳು ಪ್ರಮಾಣಪತ್ರವನ್ನು ನಿನ್ನ ಫೈಲಿನಿಂದ ನಾನೇ ತೆಗೆದಿದ್ದೇನೆ. ಹುಡುಕಬೇಡ. ನೀನು ಪರೀಕ್ಷೆ ಬರೆದೆ ಎಂದು ಅದರಲ್ಲಿರುವ ದಿನ ನೀನು ಇಲ್ಲಿ ಅಜ್ಜಿಗೆ ಮಣ್ಣು ಕೊಡುತ್ತಿದ್ದೆ. "ತಾರೀಖ ಯಾರ ನೋಡ್ತಾರ? ಶಿಕ್ಕಾ ಬಿದ್ದದ, ಸಾಕು" ಎಂದು ಮೊಹರು ತೋರಿಸಿದರು ನಿಮ್ಮಪ್ಪ. ನಾನು ನೋಡಿದೆ, ವಿದ್ಯಾರ್ಥಿವೇತನ ಕೊಡುವವರೂ ಆ ದಿನದ ಹಾಜರಿ ತೆಗೆಸಿ ನೋಡುತ್ತಾರೆ.

ವಿದ್ಯಾರ್ಥಿವೇತನದ ಅರ್ಜಿಗೆ ಇವತ್ತು ಸಂಜೆ ಐದೇ ಕೊನೆ. ಅಜ್ಜಿ ನಿಲಂಗಾದ ದವಾಖಾನೆಯಲ್ಲಿ ತೀರಿದ್ದರಿಂದ ಮರಣದ ದಾಖಲೆ ಅಲ್ಲೇ ಸಿಗುತ್ತದೆ. ಮೂರಕ್ಕೆ ತರುತ್ತೇನೆ. ಸಾವಿನಿಂದ ಪರೀಕ್ಷೆ ತಪ್ಪಿತು, ಇನ್ನೊಮ್ಮೆ ಬರೆಯಲು ಸಮಯ ಕೊಡಿ ಎಂದು ಪತ್ರ ಬರೆದಿಡು. ಕೊಡಲಿಕ್ಕಿಲ್ಲ, ಗೊತ್ತು. ಆದರೂ ಬರೆ.

ಸಿಟ್ಟು ಮಾಡುವುದಿದ್ದರೆ ನನ್ನ ಮೇಲೆ ಮಾಡು. ಮೊಮ್ಮಗಳು ಬರಲಿಲ್ಲ ಎಂದು ಜನ ಆಡಿಕೊಳ್ಳುತ್ತಾರೆಂದು ಹೆದರಿ, ಪರೀಕ್ಷೆಗೆಂದು ಪುಣೆಯಲ್ಲಿದ್ದ ನಿನ್ನನ್ನು ಫೋನು ಮಾಡಿ ಕರೆಸಿದವಳು ನಾನು. ಅಜ್ಜಿ ಸಾಯುವ ಹಿಂದಿನ ದಿನವೇ ಹೇಳಿದ್ದರು, ನಿನಗೆ ತಿಳಿಸಿರಲಿಲ್ಲ: "ನಾ ಸತ್ರೂ ಆಕಿಗಿ ಕರಸಬ್ಯಾಡವಾ, ಪರೀಕ್ಷಾ ಬರೀಲಿ. ನನಗ ಮಣ್ಣ ಹಾಕ್ಲಿಕ್ಕಿ ಮಂದಿಗೇನ ಕಮ್ಮಿ?"

ಅವ್ವ