ಸ್ವಇಚ್ಛೆಯ ಓಟಿ

ರಾಜಗೋಪಾಲನಗರ,
ಶುಕ್ರವಾರ, ೧೪ ಜೂನ್ ೨೦೨೪

ಮಗಳು ರಕ್ಷಿತಾಳಿಗೆ ಅಮ್ಮನ ಆಶೀರ್ವಾದಗಳು.

ಆರು ಕಿಲೋಮೀಟರ್ ದೂರದಲ್ಲಿರುವ ಮಗಳಿಗೆ ಅಂಚೆಯಲ್ಲಿ ಪತ್ರ ಹಾಕುವ ಕಾಲ ಬರುತ್ತದೆ ಎಂದುಕೊಂಡಿರಲಿಲ್ಲ. ಮಂಗಳವಾರದಿಂದ ನೀನು ಫೋನ್ ಎತ್ತುತ್ತಿಲ್ಲ. ಬುಧವಾರ ಚಿಕ್ಕಬಾಣಾವರಕ್ಕೆ ಬಂದು ನಿನ್ನ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನಿಂತಿದ್ದೆ. ವಾಚ್‌ಮನ್ ಮೇಲಕ್ಕೆ ಫೋನ್ ಮಾಡಿ, “ಮೇಡಂ ಮನೇಲಿಲ್ವಂತೆ ಅಮ್ಮ” ಅಂದ. ಇಲ್ಲವೆಂದು ಅವನಿಗೆ ಹೇಳಿದವರು ಯಾರು ಎಂದು ನಾನು ಕೇಳಲಿಲ್ಲ.

ಯಮನೂರನ ವಿಷಯ ನಿನಗೆ ಫೈಲಿನಿಂದ ಗೊತ್ತು. ನನಗೆ ಗೊತ್ತಿರುವುದನ್ನು ಬರೆಯುತ್ತೇನೆ. ಕೊಪ್ಪಳದ ಕಡೆಯವನು. ಮೂರು ವರ್ಷದಿಂದ ನಮ್ಮ ಪಕ್ಕದ ಬಾಡಿಗೆ ಮನೆಯಲ್ಲಿ ಹೆಂಡತಿ ಮರೆವ್ವನ ಜೊತೆ ಇದ್ದಾನೆ. ಪೀಣ್ಯದ ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಪ್ರೆಸ್ ಮಷೀನ್ ನಡೆಸುತ್ತಿದ್ದ. ಮೇ ತಿಂಗಳಲ್ಲಿ ಯಾವುದೋ ದೊಡ್ಡ ಆರ್ಡರ್ ಬಂತಂತೆ. ಹತ್ತೊಂಬತ್ತು ದಿನ ರಜೆಯಿಲ್ಲದೆ, ಬೆಳಗ್ಗೆ ಎಂಟಕ್ಕೆ ಹೋದವನು ರಾತ್ರಿ ಒಂಬತ್ತಕ್ಕೆ ಬರುತ್ತಿದ್ದ. ಇಪ್ಪತ್ತನೆಯ ದಿನ, ಹದಿಮೂರನೆಯ ಗಂಟೆಯಲ್ಲಿ, ಬಲಗೈ ಮಷೀನಿನೊಳಗೇ ಉಳಿಯಿತು. ನಾಲ್ಕು ಬೆರಳು ಹೋದವು. ಹೆಬ್ಬೆರಳೊಂದು ಉಳಿದಿದೆ.

ಮರೆವ್ವ ಆಸ್ಪತ್ರೆಯಿಂದ ನೇರ ನನ್ನ ಹತ್ತಿರ ಬಂದಳು. “ಅಕ್ಕಾ, ಮನಿಗಿ ಹೋಗ್ತೀನಿ, ಕಣ್ಣು ಮುಚ್ಚಿ ಬರಾಕತ್ಯಾವು ಅಂದ್ರಂತ. ಗೇಟ್ ತಗೀಲಿಲ್ಲಂತ” ಎಂದಳು. ಅಳಲಿಲ್ಲ. ಗಾರ್ಮೆಂಟ್ಸ್‌ನಲ್ಲಿ ಇಪ್ಪತ್ತೆರಡು ವರ್ಷ ದುಡಿದ ನನಗೆ ಕಾನೂನು ಗೊತ್ತಿರುತ್ತದೆ ಎಂಬ ನಂಬಿಕೆ ಅವಳದು.

ಗೊತ್ತಿತ್ತು ನಿಜ. ಆದರೆ ಅದು ಗಾರ್ಮೆಂಟ್ಸ್‌ನಲ್ಲಿ ಕಲಿತದ್ದಲ್ಲ, ನಿನ್ನಿಂದ ಕಲಿತದ್ದು. ನೀನು ಕಾನೂನು ಪರೀಕ್ಷೆಗೆ ಓದುವಾಗ ನಾನು ಪುಸ್ತಕ ಹಿಡಿದು ಕೂರುತ್ತಿದ್ದೆ, ನೀನು ಒಪ್ಪಿಸುತ್ತಿದ್ದೆ. ವಾರಕ್ಕೆ ನಲವತ್ತೆಂಟು ಗಂಟೆ, ಮೀರಿದ ಪ್ರತಿ ಗಂಟೆಗೆ ಸಾಮಾನ್ಯ ವೇತನದ ದುಪ್ಪಟ್ಟು ದರ. ಒಂದು ದಿನ ನೀನು ಅರ್ಧಕ್ಕೇ ನಿಲ್ಲಿಸಿ, “ಅಮ್ಮ, ಇದು ನಿಂಗೆ ಬರ್ಬೇಕಿತ್ತಲ್ವಾ?” ಎಂದು ಕೇಳಿ ಅತ್ತೆ. ಬರಬೇಕಿತ್ತು. ಐದೂವರೆಗೆ ಕಾರ್ಡ್ ಪಂಚ್ ಮಾಡಿಸಿ ಎಂಟರವರೆಗೆ ಹೊಲಿಸುತ್ತಿದ್ದರು. ಆ ಎರಡೂವರೆ ಗಂಟೆ ಯಾವ ಪುಸ್ತಕದಲ್ಲೂ ಇರಲಿಲ್ಲ. ಒಮ್ಮೆ ಬಾಯಿಬಿಟ್ಟು ಕೇಳಿದ್ದಕ್ಕೆ ಒಂದು ತಿಂಗಳು ಚಿಂದಿ ಆರಿಸುವ ಮೇಜಿಗೆ ಹಾಕಿದರು. ಕೊನೆಗೆ ನಾನೇ ಹೋಗಿ ಸೂಪರ್‌ವೈಸರ್ ಹತ್ತಿರ ತಪ್ಪಾಯಿತು ಎಂದೆ. ಇದನ್ನು ನಿನಗೆ ಇದುವರೆಗೆ ಹೇಳಿರಲಿಲ್ಲ.

ಆ ಪಾಠ ನಂಬಿ ಮರೆವ್ವನ ಅರ್ಜಿ ಬರೆದೆ. ಯಮನೂರ ಆಸ್ಪತ್ರೆಯ ಹಾಸಿಗೆಯಲ್ಲೇ ಎಡಗೈ ಹೆಬ್ಬೆಟ್ಟು ಒತ್ತಿದ. ಮಂಗಳವಾರ ವಿಚಾರಣೆಗೆ ಮರೆವ್ವನ ಜೊತೆ ಕಾರ್ಮಿಕ ಇಲಾಖೆಯ ಕಚೇರಿಗೆ ಬಂದೆ. ಕಾರ್ಖಾನೆಯ ಪರವಾಗಿ ಯಾರೋ ಕನ್ಸಲ್ಟೆನ್ಸಿಯವರು ಬರುತ್ತಾರೆ ಎಂದಿದ್ದರು. ಬಾಗಿಲು ತಳ್ಳಿಕೊಂಡು ಬಂದವಳು ನೀನು. ಹೋದ ಯುಗಾದಿಗೆ ನಾನು ಕೊಡಿಸಿದ ಹಸಿರು ಚೂಡಿದಾರದಲ್ಲಿದ್ದೆ.

ಒಂದು ಕ್ಷಣ, ನಿಜ ಹೇಳುತ್ತೇನೆ, ನನಗೆ ಸಂತೋಷವೇ ಆಯಿತು.

ಅಧಿಕಾರಿ ನನ್ನನ್ನು ನೋಡಿ, “ನೀವ್ಯಾರಮ್ಮ?” ಎಂದರು. “ಪಕ್ಕದ್ಮನೆಯವ್ಳು ಸಾರ್. ಮರೆವ್ವಂಗೆ ಓದು ಬರಲ್ಲ” ಎಂದೆ. ಆಗ ನೀನು ಫೈಲಿನಿಂದ ತಲೆ ಎತ್ತದೆ ಹೇಳಿದೆ: “ಸಾರ್, ಈ ಮೇಡಂ ಕಾರ್ಮಿಕರ ಸಂಬಂಧಿ ಅಲ್ಲ. ಇವ್ರಿಗೆ ಮಾತಾಡೋ ಹಕ್ಕಿಲ್ಲ.”

ಮೇಡಂ ಅಂದೆ. ಇಪ್ಪತ್ತೆಂಟು ವರ್ಷದಲ್ಲಿ ನೀನು ನನ್ನನ್ನು ಏನೇನೋ ಕರೆದಿದ್ದೀಯ. ಜಗಳವಾಡಿದಾಗ ಹೆಸರು ಹಿಡಿದು ಚನ್ನಬಸಮ್ಮ ಎಂದೂ ಕರೆದಿದ್ದೀಯ, ನಾನು ನಕ್ಕಿದ್ದೇನೆ.

ಅಧಿಕಾರಿ ಒಳ್ಳೆಯವರು, ಕೂರಲು ಬಿಟ್ಟರು. ನೀನು ಹಾಜರಿ ಪುಸ್ತಕ ಮುಂದಿಟ್ಟೆ. ಅದರಲ್ಲಿ ಯಮನೂರ ದಿನಾ ಎಂಟು ಗಂಟೆ ದುಡಿದಿದ್ದ, ವಾರಕ್ಕೆರಡು ಸಲ ಮಾತ್ರ ಎರಡೆರಡು ಗಂಟೆ ಓಟಿ. ಆಮೇಲೆ ಒಪ್ಪಿಗೆ ಪತ್ರ ತೆಗೆದು ಓದಿದೆ. “ನಾನು ಸ್ವಇಚ್ಛೆಯಿಂದ ಹೆಚ್ಚುವರಿ ಅವಧಿಯ ಕೆಲಸಕ್ಕೆ ಒಪ್ಪಿರುತ್ತೇನೆ.” ಏಪ್ರಿಲ್ ಒಂದನೆಯ ತಾರೀಕು. ಕೆಳಗೆ ಸಹಿ. ದಣಿವಿನ ಪ್ರಶ್ನೆಯೇ ಇಲ್ಲ, ಕಾರ್ಮಿಕನ ಅಜಾಗರೂಕತೆಯೇ ಕಾರಣ ಎಂದೆ.

ಅಧಿಕಾರಿ ಆ ಹಾಳೆಯನ್ನು ಮರೆವ್ವನ ಮುಂದೆ ಹಿಡಿದು, “ಇದು ನಿಮ್ಮ ಯಜಮಾನ್ರುದ್ದೇನಮ್ಮ?” ಎಂದರು. ಅವಳು ಅದನ್ನು ನನ್ನ ಕಡೆ ತಿರುಗಿಸಿ, “ಏನೈತಿ ಅಕ್ಕಾ ಇದ್ರಾಗ?” ಎಂದಳು.

ರಕ್ಷಿತಾ, ಯಮನೂರನಿಗೆ ಬರೆಯಲು ಬರುವುದಿಲ್ಲ. ರೇಷನ್ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ ಎಲ್ಲ ಕಡೆ ಅವನದು ಹೆಬ್ಬೆಟ್ಟು. ಆ ಹಾಳೆಯಲ್ಲಿ ‘ಯಮನೂರ’ ಎಂದು ದುಂಡಗೆ ಬರೆದಿತ್ತು. ‘ಮ’ದ ಬಾಲ ಮೇಲಕ್ಕೆ ಸುತ್ತಿಕೊಂಡಿತ್ತು. ಎರಡನೆಯ ಕ್ಲಾಸಿನಲ್ಲಿ ಆ ಬಾಲ ಬಿಡಿಸಲು ನಿನ್ನ ಬೆರಳಿನ ಗೆಣ್ಣಿಗೆ ಸ್ಕೇಲಿನಿಂದ ಹೊಡೆದವಳು ನಾನು. ಬಿಡಿಸಲಾಗಲಿಲ್ಲ.

ತಲೆ ಎತ್ತಿ ನಿನ್ನನ್ನು ನೋಡಿದೆ. ನೀನೂ ನೋಡಿದೆ. ನನಗೆ ಗೊತ್ತಾಯಿತೆಂದು ನಿನಗೆ ಗೊತ್ತಾಯಿತು.

“ಅವರ ಹೆಸರೈತಿ” ಎಂದೆ ಮರೆವ್ವನಿಗೆ. ಸುಳ್ಳೇನೂ ಹೇಳಲಿಲ್ಲ, ಹೆಸರಿತ್ತು. ಅವಳು ನನ್ನ ಮಾತು ನಂಬಿ ಅಧಿಕಾರಿಗೆ ಹೂಂ ಎಂದು ತಲೆಯಾಡಿಸಿದಳು. ಅವರು ಬರೆದುಕೊಂಡರು. ನೀನು ಪೆನ್ನಿನ ಮುಚ್ಚಳ ಹಾಕಿದೆ.

ಬಸ್ಸಿನಲ್ಲಿ ವಾಪಸು ಬರುವಾಗ ಅವಳು ನನ್ನ ಟಿಕೆಟ್ಟನ್ನೂ ತಾನೇ ತೆಗೆದಳು. “ನೀ ಇದ್ದಿ ಅಂತ ಧೈರ್ಯ ಬಂತು ನೋಡಕ್ಕಾ” ಎಂದಳು.

ನೀನು ಹೇಳುವುದು ನನಗೆ ಗೊತ್ತು. ಇಪ್ಪತ್ತು ಕಾರ್ಖಾನೆಯ ಕಾಗದ ನೋಡಿಕೊಳ್ಳುವ ಆಫೀಸು, ಮೇಲಿನವರು ಬರೆ ಎಂದರೆ ಬರೆಯಬೇಕು, ಇಲ್ಲದಿದ್ದರೆ ನಾಳೆ ಬೇರೆಯವರು ಬರೆಯುತ್ತಾರೆ. ಮನೆ ಸಾಲದ ಕಂತೂ ಇದೆ. ನಮ್ಮ ಸೂಪರ್‌ವೈಸರ್ ಕೂಡ ಇದನ್ನೇ ಹೇಳುತ್ತಿದ್ದ. ಆದರೆ ಅವನು ಕಾನೂನು ಓದಿರಲಿಲ್ಲ. ನಿನ್ನನ್ನು ಓದಿಸಿದವಳು ನಾನು, ಆ ಪಂಚ್ ಕಾರ್ಡಿನ ಹೊರಗಿನ ಗಂಟೆಗಳಲ್ಲೂ ದುಡಿದು. ಇಂಥ ಕೆಲಸ ಇಷ್ಟು ಅಚ್ಚುಕಟ್ಟಾಗಿ ಮಾಡಲಿ ಎಂದು ಓದಿಸಿದೆನೇ ಎಂದು ಮೂರು ದಿನದಿಂದ ಕೇಳಿಕೊಳ್ಳುತ್ತಿದ್ದೇನೆ.

ಸೋಮವಾರದವರೆಗೆ ಕಾಯುತ್ತೇನೆ. ಅಷ್ಟರೊಳಗೆ ನೀನೇ ಆ ಅಧಿಕಾರಿಯ ಹತ್ತಿರ ಹೋಗಿ ಆ ಸಹಿ ಯಾರದೆಂದು ಹೇಳು. ಕೆಲಸ ಹೋಗುತ್ತದೆ, ಇನ್ನೂ ಏನೇನು ಹೋಗುತ್ತದೋ ತಿಳಿಯದು. ಈ ಮನೆಯಲ್ಲಿ ನಿನಗೆ ಊಟಕ್ಕೆ ಕೊರತೆಯಾಗುವುದಿಲ್ಲ. ಅಲ್ಲಿಯವರೆಗೆ ನಾನು ಯಾರಿಗೂ ಬಾಯಿ ಬಿಡುವುದಿಲ್ಲ.

ನಿನ್ನನ್ನು ಹೆತ್ತವಳು,
ಚನ್ನಬಸಮ್ಮ

ತಾ.ಕ.: ಸೋಮವಾರದವರೆಗೆ ಕಾಯುತ್ತೇನೆ ಎಂದು ಬರೆದದ್ದು ಸುಳ್ಳು. ಪತ್ರ ಹರಿದು ಹಾಕೋಣವೆಂದುಕೊಂಡೆ, ಮನಸ್ಸು ಬರಲಿಲ್ಲ. ನಿನ್ನೆ ಬೆಳಗ್ಗೆ ಮರೆವ್ವನಿಗೆ ಎಲ್ಲ ಹೇಳಿದೆ. ಅವಳು ನನ್ನ ಮುಖ ನೋಡದೆ ಎದ್ದು ಚಪ್ಪಲಿ ಮೆಟ್ಟಿಕೊಂಡಳು. ಮಧ್ಯಾಹ್ನ ಇಬ್ಬರೂ ಹೋಗಿ ಆ ಸಹಿ ನಿನ್ನ ಅಕ್ಷರವೆಂದು ಅಧಿಕಾರಿಗೆ ಬರೆದುಕೊಟ್ಟೆವು. ನಿನಗೆ ಮೊದಲೇ ತಿಳಿಸಿದ್ದರೆ ನೀನು ಬಂದು ಅಳುತ್ತಿದ್ದೆ, ನಾನು ಸೋಲುತ್ತಿದ್ದೆ. ಅಕ್ಷರ ಯಾರದೆಂದು ಹೇಗೆ ಹೇಳುತ್ತೀರಿ ಎಂದು ಅಧಿಕಾರಿ ಕೇಳಿದರು. ನಿನ್ನ ಹತ್ತನೆಯ ತರಗತಿಯ ಕನ್ನಡ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟೆ. ಅದಕ್ಕೊಂದು ರಸೀದಿ ಕೊಟ್ಟಿದ್ದಾರೆ. ಕೇಸು ಮುಗಿಯುವವರೆಗೆ ವಾಪಸು ಕೊಡುವುದಿಲ್ಲವಂತೆ.