ಹದಿನೇಳನೇ ಕೋಣೆಯವರಿಗೆ

ತಾರೀಖು ಹನ್ನೆರಡು, ಸೋಮವಾರ ಬೆಳಗ್ಗೆ
ಕಚೇರಿಯ ಮೇಜಿನಿಂದ

ಹದಿನೇಳನೇ ಕೋಣೆಯವರಿಗೆ,

ನಮಸ್ಕಾರ. ಏನೆಂದು ಕರೆಯಬೇಕೋ ತಿಳಿಯದೆ ಎರಡು ಹಾಳೆ ಹರಿದು ಹಾಕಿದೆ. ಹನ್ನೊಂದು ವರ್ಷ ಒಂದೇ ಮನೆಯಲ್ಲಿದ್ದಾಗ "ರೀ" ಅನ್ನುತ್ತಿದ್ದೆ. ಬೇರೆಯಾಗಿ ಹತ್ತೊಂಬತ್ತು ವರ್ಷವಾಯಿತು. ಈ ನಡುವೆ ಇನ್ಯಾರನ್ನೂ ಹಾಗೆ ಕರೆದಿಲ್ಲ, ಆ ಮಾತು ಹಾಗೇ ಉಳಿದಿದೆ. ಆದ್ದರಿಂದ ರೀ, ಕೇಳಿ. ನಡುನಡುವೆ ಕನ್ನಡಕ ತೆಗೆದು ಒರೆಸುತ್ತಾ ಕೂರಬೇಡಿ, ಒಂದೇ ಸಲಕ್ಕೆ ಓದಿ ಮುಗಿಸಿ.

ಈ ಕಾಗದ ನಿಮ್ಮ ಕೈಗಿಟ್ಟವಳು ನನ್ನ ಸಹೋದ್ಯೋಗಿ. ಕಚೇರಿಯಲ್ಲಿ ಎಲ್ಲರೂ ಅವಳನ್ನು ಒಣಮೆಣಸಿನಕಾಯಿ ಅನ್ನುತ್ತೇವೆ, ಅವಳ ಎದುರಿಗೇ. ನಮ್ಮಿಬ್ಬರ ವಿಷಯ ನಾನು ಮೊದಲು ಹೇಳಿಕೊಂಡದ್ದು ಅವಳ ಹತ್ತಿರವೇ. ಶುಕ್ರವಾರ ಬಂದು "ನಿಮಗೇನು ಬೇಕು?" ಅಂತ ಕೇಳಿದವಳೂ ಇವಳೇ. ನೀವು ಕಿಟಕಿ ನೋಡುತ್ತಾ "ಎಲ್ಲಿ ಹಾಕಿದರೂ ನಡೆಯುತ್ತೆ" ಅಂದಿರಂತೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ! ಅವಳು ವಾಪಸ್ ಬಂದು ಬ್ಯಾಗನ್ನು ಮೇಜಿನ ಮೇಲೆ ಎಸೆದು, "ಅಕ್ಕಾ, ಇಂಥವರ ಜೊತೆ ಹನ್ನೊಂದು ವರ್ಷ ಹೇಗೆ ತೆಗೆದಿರಿ?" ಅಂದಳು. ತೆಗೆಯಲಾಗದೆ ತಾನೇ ಬಂದೆ ಅಂದೆ.

ಗುರುವಾರ ಹನ್ನೊಂದು ಗಂಟೆಗೆ ನಿಮ್ಮ ವಿಚಾರಣೆ. ನಿಮ್ಮನ್ನು ಆ ವೃದ್ಧಾಶ್ರಮದಿಂದ ತಿಂಗಳ ಕೊನೆಗೆ ಹೊರಗೆ ಕಳಿಸಬಹುದೋ ಇಲ್ಲವೋ ಅನ್ನುವುದು ಅಲ್ಲಿ ತೀರ್ಮಾನವಾಗುತ್ತದೆ. ಬಾಯಿ ಬಿಟ್ಟು ನೀವು "ನಾನು ಇಲ್ಲೇ ಇರಬೇಕು" ಅನ್ನದಿದ್ದರೆ ನಮ್ಮ ಕಚೇರಿ ಒಂದು ಬೆರಳೂ ಎತ್ತುವಂತಿಲ್ಲ. ವೃದ್ಧಾಶ್ರಮಗಳಲ್ಲಿ ಇರುವವರ ಪರ ನಿಂತು ಮಾತಾಡುವುದು ನಮ್ಮ ಕೆಲಸ ನಿಜ. ಆದರೆ ಅವರು ಏನು ಬೇಕು ಅನ್ನುತ್ತಾರೋ ಅಷ್ಟನ್ನೇ ಮಾತಾಡಬೇಕು. ನಮಗೆ ಒಳ್ಳೆಯದು ಕಂಡದ್ದನ್ನೂ ಸೇರಿಸುವ ಹಾಗಿಲ್ಲ.

ನೀವು ಯಾಕೆ ಬಾಯಿ ಬಿಡುತ್ತಿಲ್ಲ ಅನ್ನುವುದು ನನಗೆ ಗೊತ್ತು. ಅದಕ್ಕೇ ಈ ಕಾಗದ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಹೋದ ತಿಂಗಳು ನಮ್ಮ ಕಚೇರಿಗೆ ಹೆಸರಿಲ್ಲದ ಒಂದು ದೂರು ಬಂತು. ಹದಿನೆಂಟನೇ ಕೋಣೆಯ ಬಸ್ ಡ್ರೈವರ್ ತಾತ ಪದೇಪದೇ ಬೆಲ್ಲು ಒತ್ತುತ್ತಾರೆ ಅಂತ ಬೆಲ್ಲಿನ ವಯರನ್ನು ಮೇಲಿನ ಮೊಳೆಗೆ ಸುತ್ತಿಟ್ಟಿದ್ದಾರೆ, ಅವರು ಒದ್ದೆ ಹಾಸಿಗೆಯಲ್ಲೇ ಮಧ್ಯಾಹ್ನದವರೆಗೆ ಮಲಗಿರುತ್ತಾರೆ ಅಂತ ಬರೆದಿತ್ತು. ಇಂಥ ದೂರು ಬಂದಾಗ ನಮ್ಮಲ್ಲಿ ಒಂದು ಕ್ರಮ ಇದೆ. ಒಂದನೇ ಕೋಣೆಯಿಂದ ಶುರುಮಾಡಿ ಎಲ್ಲ ಕೋಣೆಗೂ ಹೋಗಬೇಕು, ಎಲ್ಲರ ಹತ್ತಿರವೂ ಅಷ್ಟಷ್ಟು ಹೊತ್ತು ಕೂರಬೇಕು. ಚಹಾ ಬಿಸಿ ಇರುತ್ತಾ, ರಗ್ಗು ಸಾಕಾಗುತ್ತಾ ಅಂತ ಕೇಳುತ್ತಾ ಹೋದರೆ ದೂರು ಕೊಟ್ಟವರು ಯಾರೆಂದು ಮ್ಯಾನೇಜರನಿಗೆ ತಿಳಿಯುವುದಿಲ್ಲ. ಹೊಸದಾಗಿ ಸೇರಿದವರಿಗೆ ಹದಿನೇಳು ವರ್ಷದಿಂದ ಈ ಪಾಠ ಹೇಳಿಕೊಡುವವಳು ನಾನೇ.

ಆ ದಿನ ನಾನು ಮೆಟ್ಟಿಲು ಹತ್ತಿದಾಗ ಎದುರಿಗೇ ನಿಮ್ಮ ಬಾಗಿಲು ತೆರೆದಿತ್ತು. ನೀವು ಕಂಡಿರಿ. ಕಾಲು ತಾನಾಗಿ ಒಳಗೆ ನಡೆಯಿತು. ಹದಿನಾರು ಕೋಣೆ ಬಿಟ್ಟು ನೇರ ಹದಿನೇಳಕ್ಕೆ! ಹತ್ತು ನಿಮಿಷ ನಿಂತೆ. ಮ್ಯಾನೇಜರ್ ನನ್ನ ಬೆನ್ನಿಗೇ ಇದ್ದ. ಅವನೇನು ಎಳೆ ಮಗುವೇ? ದೂರು ಹದಿನೇಳರಿಂದಲೇ ಹೋದದ್ದು ಅಂತ ಎರಡಕ್ಕೆ ಎರಡು ಕೂಡಿಸಿಕೊಂಡ. ಮರುದಿನವೇ ತಾತನ ಬೆಲ್ಲು ಮೊಳೆಯಿಂದ ಇಳಿಯಿತು, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ವಾರದೊಳಗೆ ನಿಮಗೆ ನೋಟಿಸು ಬಂತು. ನಿಮಗೆ ಬೇಕಾದಷ್ಟು ಆರೈಕೆ ಮಾಡಲು ಅವರಲ್ಲಿ ಜನ ಸಾಲದಂತೆ. ನಿಮ್ಮ ಕೋಣೆ ಹೋಗುವ ಸ್ಥಿತಿ ಬಂದದ್ದು ನನ್ನಿಂದ. ಕ್ಷಮಿಸಿ ಅನ್ನುವ ಮಾತು ಇದಕ್ಕೆ ಸಾಲದು, ಆದರೂ ಕ್ಷಮಿಸಿ.

ಆ ಹತ್ತು ನಿಮಿಷ ನೀವು ನನ್ನ ಮುಖ ನೋಡಿದಿರಿ, ಕತ್ತಿನಲ್ಲಿದ್ದ ಕಾರ್ಡು ನೋಡಿದಿರಿ, ಆಮೇಲೆ ಮ್ಯಾನೇಜರನ ಎದುರು "ಯಾರಮ್ಮ ನೀವು? ಪರಿಚಯ ಸಿಗಲಿಲ್ಲ" ಅಂದಿರಿ. ಅಮ್ಮ ಅಂತೆ! ಮೈಯೆಲ್ಲ ಉರಿದುಹೋಯಿತು. ಸಿಟ್ಟಿನಲ್ಲೇ ಉಳಿದ ಕೋಣೆಗಳನ್ನು ಮುಗಿಸಿ ಕೆಳಗಿಳಿದಾಗ ಬಾಗಿಲ ಪಕ್ಕ ನಮ್ಮದೇ ಕಚೇರಿಯ ದೊಡ್ಡ ಹಾಳೆ ಅಂಟಿಸಿದ್ದು ಕಣ್ಣಿಗೆ ಬಿತ್ತು. ನಾಲ್ಕನೇ ಸಾಲು: ನಿಮ್ಮ ಪರ ಮಾತಾಡುವ ಅಧಿಕಾರಿ ಈ ಆಶ್ರಮದಲ್ಲಿರುವ ಯಾರಿಗೂ ಸಂಬಂಧಿಕರಾಗಿರಬಾರದು. ಅದರ ಕೆಳಗೊಂದು ಕುರ್ಚಿ. ಅಲ್ಲಿ ನೆಲ ಒರೆಸುತ್ತಿದ್ದ ಆಯಾ ತಾನಾಗಿ ಹೇಳಿದಳು, ಹದಿನೇಳನೇ ಕೋಣೆಯ ಅಜ್ಜ ದಿನಾ ಬೆಳಗ್ಗೆ ಅಲ್ಲೇ ಕೂರುತ್ತಾರೆ, ಅದನ್ನು ಬಾಯಿಪಾಠ ಮಾಡಿಬಿಟ್ಟಿದ್ದಾರೆ ಅಂತ.

ಆಗ ಅರ್ಥವಾಯಿತು. ನೀವು ಮರೆತಿರಲಿಲ್ಲ. ಗುರುತು ಹಿಡಿದರೆ ನಾನು ಆ ತಾತನ ಕೆಲಸವನ್ನೂ ಬಿಟ್ಟು ಹೋಗಬೇಕಾಗುತ್ತದೆ ಅಂತ ಗುರುತಿಲ್ಲದವರ ಹಾಗೆ ಕೂತಿರಿ. ಈಗಲೂ ಹಾಗೇ ಕೂತಿದ್ದೀರಿ. ವಿಚಾರಣೆ ನಡೆದರೆ ಮ್ಯಾನೇಜರನಿಗೆ ಸುಳಿವು ಸಿಕ್ಕಿದ್ದು ಹೇಗೆ ಅನ್ನುವ ಪ್ರಶ್ನೆ ಬರುತ್ತದೆ, ನನ್ನ ಕೆಲಸಕ್ಕೆ ಸಂಚಕಾರ ಬರುತ್ತದೆ ಅಂತ ತಾನೇ ನಿಮ್ಮ ಲೆಕ್ಕಾಚಾರ? ಅಯ್ಯೋ ಮಾರಾಯರೇ! ಆ ಲೆಕ್ಕಾಚಾರ ಇನ್ನು ಬೇಡ. ಶನಿವಾರ ನಾನೇ ನಮ್ಮ ಸಾಹೇಬರ ಎದುರು ಕೂತು ಎಲ್ಲ ಹೇಳಿದ್ದೇನೆ, ನೀವು ನನ್ನ ಗಂಡ ಅನ್ನುವುದನ್ನೂ ಸೇರಿಸಿ. ಕಾಗದದ ಮೇಲೆ ಇನ್ನೂ ಗಂಡ ತಾನೇ, ನಾವಿಬ್ಬರೂ ಅದನ್ನು ಬಿಡಿಸಿಕೊಳ್ಳಲು ಹೋಗಲೇ ಇಲ್ಲವಲ್ಲ. ಸಾಹೇಬರು ಬೈಯುವಷ್ಟು ಬೈದರು. ಮೂರು ತಿಂಗಳು ಎಲ್ಲಿಗೂ ಭೇಟಿಗೆ ಹೋಗುವಂತಿಲ್ಲ, ಇಲ್ಲೇ ಕೂತು ಫೋನು ಎತ್ತಬೇಕು. ಎತ್ತುತ್ತೇನೆ. ಕೆಲಸ ಹೋಗಿಲ್ಲ. ನೀವು ಬಾಯಿ ಮುಚ್ಚಿಕೊಂಡು ಕಾಪಾಡಬೇಕಾದದ್ದು ಈಗ ಏನೂ ಉಳಿದಿಲ್ಲ.

ನಿಮ್ಮ ಮೌನದ ಮೇಲೆ ನನಗೆ ಹಳೆಯ ಸಿಟ್ಟಿದೆ, ಸುಳ್ಳೇಕೆ ಹೇಳಲಿ. ನಾನು ನರ್ಸ್ ಕೆಲಸ ಬಿಡಬೇಕು ಅಂತ ನಿಮ್ಮಕ್ಕ ಮನೆತುಂಬ ಜನರ ಎದುರು ಪಂಚಾಯಿತಿ ಕೂಡಿಸಿದ ದಿನ ನೀವು ತಟ್ಟೆ ನೋಡುತ್ತಾ ಕೂತಿರಿ. ಒಂದು ಮಾತು ಆಡಿದ್ದರೆ ಸಾಕಿತ್ತು. ಆ ಒಂದು ಮಾತಿಗೆ ಕಾದು ಕಾದು ಬ್ಯಾಗು ಎತ್ತಿಕೊಂಡೆ. ಅಂಥವರು ಈಗ ಪಕ್ಕದ ಕೋಣೆಯ ಮುದುಕರ ಬೆಲ್ಲಿಗಾಗಿ ದೂರು ಬರೆದಿದ್ದೀರಿ! ಹೆಮ್ಮೆಯಾಯಿತು. ಹೊಟ್ಟೆಯೂ ಉರಿಯಿತು. ಎರಡೂ ನಿಜ.

ಗುರುವಾರದ ಬಗ್ಗೆ ನನಗೆ ಭಯವಿಲ್ಲ. ಅವರದೇ ನರ್ಸುಗಳು ಮೂರು ತಿಂಗಳಿಂದ ದಿನಾ ಬರೆದಿಟ್ಟ ಚಾರ್ಟು ಒಣಮೆಣಸಿನಕಾಯಿಯ ಕೈಯಲ್ಲಿದೆ. ವಾಕರ್ ಹಿಡಿದು ತಾವೇ ನಡೆಯುತ್ತಾರೆ, ತಾವೇ ಊಟ ಮಾಡುತ್ತಾರೆ, ಯಾವ ಬದಲಾವಣೆಯೂ ಇಲ್ಲ ಅಂತ ತೊಂಬತ್ತು ದಿನವೂ ಒಂದೇ ಸಾಲು. ನೋಟಿಸಿನ ದಿನವೂ ಅದೇ ಸಾಲು. ಒಂದೇ ವಾರದಲ್ಲಿ ನೀವು ಕೈಮೀರಿದ ರೋಗಿ ಆದದ್ದು ಹೇಗೆ ಅಂತ ಅವಳು ಕೇಳುವಾಗ ಮ್ಯಾನೇಜರನ ಮುಖ ನೋಡಲು ನಾನೂ ಅಲ್ಲಿರುತ್ತೇನೆ. ಅಧಿಕಾರಿಯಾಗಿ ಅಲ್ಲ. ಮನೆಯವರಿಗೆ ಅಂತ ಅಲ್ಲಿ ಒಂದು ಕುರ್ಚಿ ಇರುತ್ತದೆ, ಬರುವವರ ಪಟ್ಟಿಯಲ್ಲಿ ಸಂಬಂಧ ಅನ್ನುವ ಕಡೆ ಹೆಂಡತಿ ಅಂತ ಬರೆಸಿದ್ದೇನೆ. ಅಧಿಕಾರಿಯ ಬಾಯಿಗೆ ನೂರೆಂಟು ನಿಯಮ. ಹೆಂಡತಿಯ ಬಾಯಿಗೆ ಯಾರು ಬೀಗ ಹಾಕುತ್ತಾರೆ?

ಆದರೆ ಮೊದಲ ಮಾತು ನಿಮ್ಮದಾಗಬೇಕು. ಕಾಗದ ಮಡಚಿಡಿ. ಹೊರಗೆ ನಿಂತವಳನ್ನು ಕರೆಯಿರಿ. ಅವಳು ಬಾಗಿಲು ಹಾಕಿಕೊಂಡು, ಸ್ಟೂಲು ಎಳೆದುಕೊಂಡು ನಿಮಗಿಂತ ತಗ್ಗಿನಲ್ಲಿ ಕೂತು, ನಿಮಗೇನು ಬೇಕು ಅಂತ ಕೇಳುತ್ತಾಳೆ. ಅವಳ ಮುಖ ನೋಡಿ ಹೇಳಿ. ನಾನು ಏನು ಅಂದುಕೊಳ್ಳುತ್ತೇನೋ ಅಂತ ಯೋಚಿಸಬೇಡಿ. ಬೇರೆ ಕಡೆಗೆ ಹೋಗಬೇಕು ಅನಿಸಿದರೆ ಅದನ್ನೇ ಹೇಳಿ, ಅದಕ್ಕೂ ಅವಳು ಹೊಡೆದಾಡುತ್ತಾಳೆ. "ಎಲ್ಲಿ ಹಾಕಿದರೂ ನಡೆಯುತ್ತೆ" ಅನ್ನುವ ಮಾತು ಮಾತ್ರ ಬೇಡ. ನೀವು ಎಲ್ಲೆಂದರಲ್ಲಿ ಹಾಕುವ ಸಾಮಾನಲ್ಲ.

ಇಂತಿ,
ಗುರುವಾರ ಹನ್ನೊಂದಕ್ಕೆ ಆ ಕುರ್ಚಿಯಲ್ಲಿ ಕೂರುವವಳು

ತಾ.ಕ.: ಬಾಗಿಲು ತೆರೆದಿತ್ತು ಅಂತ ಮೇಲೆ ಬರೆದೆ. ಒಳಗೆ ಕೂತಿದ್ದವರಿಗೇ ಆ ಸುಳ್ಳು ಹೇಳಿದೆನಲ್ಲ, ನಗಬೇಡಿ. ಬಾಗಿಲು ಮುಚ್ಚಿತ್ತು, ನಾನೇ ತೆರೆದೆ. ಹೆಸರಿಲ್ಲದ ಆ ದೂರನ್ನು ಬೆಳಕಿಗೆ ಹಿಡಿದಾಗ ಪ್ರತಿ ಸಾಲಿನ ಕೆಳಗೂ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ಅಳಿಸಿದ ಗುರುತಿತ್ತು. ನಕ್ಷೆ ಬರೆಯುವ ಕೆಲಸ ಬಿಟ್ಟು ಇಷ್ಟು ವರ್ಷವಾದರೂ ಗೆರೆ ಎಳೆಯದೆ ಒಂದು ಕಾಗದ ಬರೆಯಲಾರದ ಮನುಷ್ಯ ನನಗೆ ಗೊತ್ತಿರುವುದು ಒಬ್ಬರೇ. ಮೂರು ದಿನ ಆ ದೂರನ್ನು ಕೈಚೀಲದಲ್ಲಿಟ್ಟುಕೊಂಡು ಓಡಾಡಿದೆ. ಆಮೇಲೆ ಒಣಮೆಣಸಿನಕಾಯಿಯ ಸರದಿಯನ್ನು ಕೇಳಿ ಪಡೆದು ನಾನು ಬಂದೆ. ಇದನ್ನು ಸಾಹೇಬರಿಗೆ ಹೇಳಿದ್ದೆ, ನಿಮಗೆ ಹೇಳಲು ನಾಚಿಕೆಯಾಗಿತ್ತು. ಇನ್ನೊಂದು ಮಾತು. "ನಿಮಗೇನು ಬೇಕು?" ಅಂತ ಹದಿನೇಳು ವರ್ಷದಲ್ಲಿ ಸಾವಿರ ಜನರನ್ನು ಕೇಳಿದ್ದೇನೆ. ಬ್ಯಾಗು ಎತ್ತಿಕೊಂಡ ದಿನ ನಿಮ್ಮನ್ನು ಕೇಳಲಿಲ್ಲ. ಗುರುವಾರ ವಿಚಾರಣೆ ಮುಗಿದ ಮೇಲೆ ನಾನೂ ಒಂದು ಸ್ಟೂಲು ಎಳೆದುಕೊಂಡು ಬರುತ್ತೇನೆ.